ಹುಡುಗ ಏನು ಮಾಡ್ತಾನೆ? ಹೇಳೋ ಹಾಗಿಲ್ಲ!

ಹೆಣ್ಣು ನೋಡಲು ಹೋದಾಗ ಹುಡುಗನಿಗೆ ಕೇಳುವ ಮೊದಲ ಪ್ರಶ್ನೆ ಯಾವುದು? ‘ಏನು ಮಾಡ್ಕೊಂಡಿದ್ದೀಯಪ್ಪ?’ ಇದಕ್ಕೆ ಉತ್ತರ ಇಲ್ಲದ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಉತ್ತರ ಇದ್ದೂ ಹೇಳದ ಹುಡುಗನನ್ನು ನೋಡಿದ್ದು ಇದೇ ಮೊದಲು. ಅವನು ನನ್ನ ಅಕ್ಕನ ಮಗನೇ ಆಗಬೇಕೆ?

ಹೆಸರು ಕಿರಣ. ಶಿವಮೊಗ್ಗದ ಹೊರಗೆ, ಭದ್ರಾವತಿ ರಸ್ತೆಯಲ್ಲಿ ಗೆಳೆಯನ ಜತೆ ಸೇರಿ ಸಣ್ಣ ವರ್ಕ್‌ಶಾಪ್ ನಡೆಸುತ್ತಾನೆ. ಮೊದಲು ಅಡಿಕೆ ಸುಲಿಯುವ ಯಂತ್ರದ ಬಿಡಿಭಾಗ ಮಾಡುತ್ತಿದ್ದ. ಆಮೇಲೆ ‘ಡಿಫೆನ್ಸ್ ಆರ್ಡರ್’ ಸಿಕ್ಕಿತು. ದೊಡ್ಡ ಕಂಪನಿಯೊಂದು ಸೈನ್ಯಕ್ಕೆ ಏನೋ ಮಾಡಿಕೊಡುತ್ತದೆ, ಅದರ ಯಾವುದೋ ಒಂದು ಪಾರ್ಟು ಇವನದು. ಯಾವ ಪಾರ್ಟು? ಯಾರಿಗೂ ಹೇಳುವುದಿಲ್ಲ ಎಂದು ಕಂಪನಿಗೆ ಮಾತು ಕೊಟ್ಟಿದ್ದಾನೆ. ಹೆತ್ತ ತಾಯಿಗೂ ಹೇಳಿಲ್ಲ.

ಶಿವಮೊಗ್ಗದಲ್ಲಿ ಗುಟ್ಟು! ನಾನು ಗಾಂಧಿ ಬಜಾರಿನಲ್ಲಿ ಒಂದು ಸೀರೆ ಕೊಂಡು ಸಿಟಿ ಬಸ್ಸು ಇಳಿಯುವ ಹೊತ್ತಿಗೆ ಅದರ ಅಂಚಿನ ಬಣ್ಣ ಬೀದಿಗೆಲ್ಲ ಗೊತ್ತಾಗಿರುತ್ತದೆ. ಇಂಥ ಊರಲ್ಲಿ ಹೇಳದೇ ಬಿಟ್ಟರೆ ಜನ ಸುಮ್ಮನಿರುತ್ತಾರೆಯೇ? ನಮ್ಮಕ್ಕ ಶಾಂತಕ್ಕನ ಎದುರುಮನೆಯವರು ಅದು ಕ್ಷಿಪಣಿಯದೇ ಪಾರ್ಟು ಎಂದು ತೀರ್ಮಾನಿಸಿದರು. ಶಾಂತಕ್ಕ ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. (ಮಗನ ಹೆಸರಿಗೆ ಕ್ಷಿಪಣಿ ಸೇರಿಕೊಂಡರೆ ಯಾವ ತಾಯಿ ಬೇಡ ಅಂತಾಳೆ?)

ಹೀಗಿರುವಾಗ ಭದ್ರಾವತಿಯಿಂದ ಒಂದು ಸಂಬಂಧ ಬಂತು. ಹುಡುಗಿ ಸುಮಾ, ಕಾಲೇಜಿನಲ್ಲಿ ಲೆಕ್ಚರರ್. ತಂದೆ ಚನ್ನಬಸಪ್ಪನವರು ಕಾಗದ ಕಾರ್ಖಾನೆಯಲ್ಲಿದ್ದವರು. ಅದು ನಿಂತ ಮೇಲೆ ಮನೆಯಲ್ಲಿದ್ದಾರೆ. ಕಾಗದನಗರದ ಹತ್ತಿರವೇ ಮನೆ. ನಾನು, ಶಾಂತಕ್ಕ, ಕಿರಣ ಹೋದೆವು. ಉಪ್ಪಿಟ್ಟು, ಕೇಸರಿಬಾತು ಎಲ್ಲ ಚೆನ್ನಾಗಿಯೇ ನಡೆಯಿತು. ಹುಡುಗ ಹುಡುಗಿ ಹಿತ್ತಲಲ್ಲಿ ಮಾತಾಡಿ ಬಂದಾಗ ಇಬ್ಬರ ಮುಖವೂ ಅರಳಿತ್ತು. ಆಮೇಲೆ ಚನ್ನಬಸಪ್ಪನವರು ಆ ಪ್ರಶ್ನೆ ಕೇಳಿದರು.

“ಅದನ್ನ ಹೇಳೋ ಹಾಗಿಲ್ಲ ಸಾರ್” ಎಂದ ಕಿರಣ.

ಹುಡುಗಿಯ ಸೋದರತ್ತೆ ಮೆಲ್ಲಗೆ, ಆ ಸಾಮಾನನ್ನು ಮನೆಗೇನೂ ತರುವುದಿಲ್ಲವಷ್ಟೆ ಎಂದು ವಿಚಾರಿಸಿದರು. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇರುತ್ತದಲ್ಲ ಎಂಬ ಚಿಂತೆ ಅವರದು. ನನಗೆ ನಗು ಬಂತು. ಚನ್ನಬಸಪ್ಪನವರಿಗೆ ಬರಲಿಲ್ಲ.

“ತಪ್ಪು ತಿಳ್ಕೋಬೇಡಿ. ನಮ್ ಕಾರ್ಖಾನೇಲಿ ಏನ್ ಮಾಡ್ತಾರೆ ಅಂತ ಊರಿಗೆಲ್ಲ ಗೊತ್ತಿತ್ತು. ಆದ್ರೂ ನಿಂತೋಯ್ತು. ಏನ್ ಮಾಡ್ತಾರೆ ಅಂತಾನೇ ಗೊತ್ತಿಲ್ದೇ ಇರೋದು ಎಷ್ಟು ದಿನ ನಡೆಯುತ್ತೆ ಅಂತ ನಾನು ಹೆಂಗೆ ನಂಬ್ಲಿ? ಮಗಳನ್ನ ಕೊಡೋನು ನಾನು.”

ದಿನಾ ಕಾರ್ಖಾನೆಯ ಸೈರನ್ ಕೇಳಿ ಎದ್ದು, ಉಂಡು, ಮಲಗಿದ ಊರು ಅದು. ಆ ಸದ್ದು ನಿಂತರೆ ಏನಾಗುತ್ತದೆ ಎಂದು ಅವರಿಗೆ ನಾವು ಹೇಳಿಕೊಡಬೇಕಿಲ್ಲ. ವಿಷಯ ಅಲ್ಲಿಗೇ ನಿಂತಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿರಣನಿಗೆ ಚೆನ್ನಾಗಿ ಬೈದೆ. ಅಲ್ಲ ಮಾರಾಯ, ನಟ್ಟೋ ಬೋಲ್ಟೋ ಅಂತ ಏನಾದರೂ ಒಂದು ಹೇಳಿಬಿಡಬಾರದಿತ್ತೇ? ಸುಳ್ಳು ಹೇಳಿ ಮದುವೆಯಾಗಬೇಕಾ ಚಿಕ್ಕಮ್ಮ ಎಂದು ಕಿಟಕಿ ಕಡೆ ತಿರುಗಿ ಕೂತ. ಆಮೇಲಿನ ವಾರಗಳಲ್ಲಿ ಅವನು ಸರಿಯಾಗಿ ಊಟ ಮಾಡಲಿಲ್ಲ ಎಂದು ಶಾಂತಕ್ಕ ನನ್ನ ಹತ್ತಿರ ಅತ್ತಳು. ಆ ಕಡೆ ಸುಮಾ ಕೂಡ ಮಾಡಿಕೊಂಡರೆ ಇವರನ್ನೇ ಎಂದು ಹಟ ಹಿಡಿದಿದ್ದಳಂತೆ.

ಅಷ್ಟರಲ್ಲಿ ನಮ್ಮ ರಾಜ್ಯ ಸರ್ಕಾರಕ್ಕೆ ಹುರುಪು ಬಂತು. ರಕ್ಷಣಾ ಉತ್ಪಾದನೆಗೆ ಉತ್ತೇಜನ ಕೊಡಲು ಶಿವಮೊಗ್ಗದಲ್ಲೇ ಒಂದು ಸಮಾವೇಶ. ಸರ್ಕಲ್ಲಿಗೊಂದು ಫ್ಲೆಕ್ಸು. ಸರ್ಕಾರವೇ ಬೆನ್ನಿಗೆ ನಿಂತಿರುವುದನ್ನು ಕಣ್ಣಾರೆ ನೋಡಲಿ ಎಂದು ನಾನು ಚನ್ನಬಸಪ್ಪನವರನ್ನೂ ಸುಮಾಳನ್ನೂ ಕರೆಸಿಕೊಂಡೆ. (ಮದುವೆ ಮಾಡಿಸುವವರಿಗೆ ಇಷ್ಟೂ ತಲೆ ಇರಬೇಡವೇ?)

ಒಳಗೆ ಹೋದರೆ ಏನಿದೆ? ನೀಲಿ ವೆಲ್ವೆಟ್ ಬಟ್ಟೆಯ ಮೇಲೆ ಫಳಫಳ ಹೊಳೆಯುವ ಒಂದು ಕಬ್ಬಿಣದ ಸಾಮಾನು. ಪಕ್ಕದಲ್ಲಿ ಕಿರಣ ನಿಂತಿದ್ದ. ಬೋರ್ಡಿನಲ್ಲಿ ಅವನ ವರ್ಕ್‌ಶಾಪಿನ ಹೆಸರು. ಕೆಳಗೆ ದಪ್ಪಕ್ಷರದಲ್ಲಿ ವಿವರ: ಸೇನಾ ವಾಹನದ ಬಾಗಿಲಿನ ಹಿಂಜ್!

ಹಿಂಜ್. ಬಾಗಿಲು ತೆರೆದು ಮುಚ್ಚಲು ಹಾಕುವ ಕೀಲು. ಶಾಂತಕ್ಕನ ಕ್ಷಿಪಣಿ ನನ್ನ ಕಣ್ಣೆದುರೇ ನೆಲಕ್ಕಿಳಿಯಿತು. ಕಾಲೇಜು ಹುಡುಗರು ಅದರ ಜತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಚನ್ನಬಸಪ್ಪನವರು ಹಿಂಜನ್ನೂ ಕಿರಣನನ್ನೂ ನೋಡಿ, ಇದೇನಾ ಎಂದು ಕೇಳಿದರು.

“ಹೇಳೋ ಹಾಗಿಲ್ಲ ಸಾರ್.”

ಬೋರ್ಡಿನಲ್ಲೇ ಬರೆದಿದೆಯಲ್ಲೋ ಎಂದು ನಾನು ಗದರಿದೆ. ಪ್ರದರ್ಶನಕ್ಕಿಡಲು ಕಂಪನಿ ಒಪ್ಪಿದೆಯಂತೆ, ತನಗೆ ಬಾಯಿ ಬಿಡು ಎಂದು ಯಾರೂ ಹೇಳಿಲ್ಲವಂತೆ. ಸುಮಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಚನ್ನಬಸಪ್ಪನವರು ಮಾತ್ರ ತಮ್ಮ ಪ್ರಶ್ನೆ ಮರೆತಿರಲಿಲ್ಲ. ಸ್ಟಾಲಿನಲ್ಲಿದ್ದ ಸರ್ಕಾರಿ ಅಧಿಕಾರಿಯ ಹತ್ತಿರ ಹೋದರು. ಆ ಪುಣ್ಯಾತ್ಮ ಹಿಂಜ್ ಎಂಥ ಉಕ್ಕಿನದು, ಯಾವ ಗಾಡಿಗೆ ಹಾಕುತ್ತಾರೆ ಎಂದು ಕೇಳದಿದ್ದನ್ನೂ ಹೇಳಿದರು. ಎಲ್ಲ ಕೇಳಿಸಿಕೊಂಡು ಇವರು, ಈ ಆರ್ಡರ್ ಎಷ್ಟು ವರ್ಷ ಇರುತ್ತೆ ಸಾರ್ ಎಂದರು.

“ಅದನ್ನೆಲ್ಲ ಈಗ್ಲೇ ಹೇಳೋ ಹಾಗಿಲ್ಲ ಯಜಮಾನ್ರೇ” ಎಂದು ಅಧಿಕಾರಿ ಕರಪತ್ರ ಕೊಟ್ಟರು.

ಮುಗಿಯಿತು ಕಥೆ ಎಂದುಕೊಂಡೆ. ಚನ್ನಬಸಪ್ಪನವರು ಕರಪತ್ರ ಮಡಚಿ ಜೇಬಿಗಿಟ್ಟು ಕಿರಣನ ಕಡೆ ತಿರುಗಿದರು. ಇದು ನಿಂತರೆ ಏನು ಮಾಡ್ತೀಯ ಎಂದು ಕೇಳಿದರು.

“ಅದೇ ಮಷಿನ್‌ನಲ್ಲಿ ವಾಪಸ್ ಅಡಿಕೆ ಸುಲಿಯೋ ಯಂತ್ರದ ಪಾರ್ಟ್ ಮಾಡ್ತೀನಿ ಸಾರ್. ಹಳೇ ಗಿರಾಕಿಗಳನ್ನ ಬಿಟ್ಟಿಲ್ಲ. ಇದನ್ನ ಹೇಳಬಹುದು.”

ಮುದುಕರ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಂಡಿತು. “ಸಾರ್ ಅನ್ಬೇಡ, ಮಾವ ಅನ್ನು” ಎಂದರು. ನನಗೆ ಕಣ್ಣು ತುಂಬಿ ಬಂತು.

ಲಗ್ನ ಗಟ್ಟಿಯಾಗಿದೆ. ಎದುರುಮನೆಯವರು ಈಗಲೂ ಶಾಂತಕ್ಕನನ್ನು ಕೇಳುತ್ತಾರೆ, ಕ್ಷಿಪಣಿಯದೇ ತಾನೇ ಎಂದು. ಹೇಳೋ ಹಾಗಿಲ್ಲ ಕಣ್ರೀ ಎನ್ನುತ್ತಾಳೆ ಶಾಂತಕ್ಕ. ಈಗ ಅವಳಿಗೆ ಎಲ್ಲ ಗೊತ್ತು, ಪಾಪ.

ಸರ್ಕಲ್ಲಿನ ಫ್ಲೆಕ್ಸುಗಳು ಇನ್ನೂ ಇಳಿದಿಲ್ಲ. ಏನು ಮಾಡುತ್ತೇವೆ ಎಂದು ಇಷ್ಟು ದೊಡ್ಡದಾಗಿ ಬರೆಸುವ ಸರ್ಕಾರ, ಎಷ್ಟು ದಿನ ಮಾಡುತ್ತೇವೆ ಎನ್ನುವುದೊಂದನ್ನೇ ಯಾಕೆ ಗುಟ್ಟಾಗಿಡುತ್ತದೆ?