ಗಂಗವ್ವನ ಚಿಮಣಿ ಎಣ್ಣಿ

ಗಂಗವ್ವನ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಿದವಳು ನಾನು. ಅದು ತಾನಾಗಿ ಸೋರಲಿಲ್ಲ. ಅದರಲ್ಲಿದ್ದ ಸೀಮೆಎಣ್ಣೆಯನ್ನು ನಾನೇ ಉರಿಸಿ ಮುಗಿಸಿದ್ದೆ. ಖಾಲಿಯಾದ ಮೇಲೆ, ಕೇಳಿದರೆ ತೋರಿಸಲು ಒಂದು ತೂತು ಬೇಕಾಯಿತು — ಮಾಡಿದೆ. ಇದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವು ಬಿಜಾಪುರದ ಕಡೆಯವರು. ಗಂಡ ಕಾರ್ಖಾನೆಯೊಂದರಲ್ಲಿ ಗುಮಾಸ್ತರು, ಮರಾಠಿ ಸೀಮೆಯ ನಿಗಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಹಿಂದಿನ ಖಾಲಿ ಜಾಗದಲ್ಲಿ ಕಟ್ಟಡದ ಕೆಲಸಕ್ಕೆ ಬಂದವರ ಪತ್ರಾಸ್ ತಗಡಿನ ಗುಡಿಸಲುಗಳು. ಯಾದಗಿರಿ ಕಡೆಯ ಗಂಗವ್ವ ಅಲ್ಲಿದ್ದಳು. ಮಗ ಮತ್ತು ಸೊಸೆ ಮಲ್ಲಮ್ಮನ ಜೊತೆ ಇಟ್ಟಿಗೆ ಹೊರುತ್ತಿದ್ದಳು. ಮನೆಯ ಹೊಸ್ತಿಲು ದಾಟಿದರೆ ಬರೀ ಮರಾಠಿ ಇದ್ದ ಆ ಓಣಿಯಲ್ಲಿ ನಾನು ಬಾಯ್ತುಂಬ ಕನ್ನಡ ಮಾತಾಡುತ್ತಿದ್ದದ್ದು ಅವಳೊಬ್ಬಳ ಜೊತೆ.

ಮಳೆಗಾಲಕ್ಕೆ ಮುಂಚೆ ಮನೆ ತುಂಬಿಸಿಕೊಳ್ಳುವುದರಲ್ಲಿ ನಾನು ಗಟ್ಟಿಗಿತ್ತಿ ಎಂದು ಹೆಸರಾಗಿದ್ದೆ. ಜೋಳದ ಹಿಟ್ಟು, ಬೇಳೆ, ಮೇಣಬತ್ತಿ, ಬ್ಯಾಟರಿಗೆ ಸೆಲ್ಲು, ಜ್ವರದ ಗುಳಿಗೆ, ಥಂಡಿ ಹಿಡಿಯದಂತೆ ಮುಚ್ಚಳದ ಡಬ್ಬಿಯಲ್ಲಿ ಕಡ್ಡಿಪೆಟ್ಟಿಗೆ. ನನ್ನನ್ನು ನೋಡಿಯೇ ಗಂಗವ್ವನೂ ರೂಢಿ ಮಾಡಿಕೊಂಡಳು. ಆ ವರ್ಷ ಮಲ್ಲಮ್ಮನಿಗೆ ದಿನ ತುಂಬುತ್ತಿದ್ದವು. ರೇಷನ್ನಿನಲ್ಲಿ ಸಿಕ್ಕಿದ್ದರಲ್ಲೇ ಉಳಿಸಿ ಉಳಿಸಿ ಒಂದು ತಗಡಿನ ಡಬ್ಬಿ ತುಂಬ ಎಣ್ಣೆ ಕೂಡಿಸಿದ್ದಳು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದು, "ಅಕ್ಕಾರ, ನಮ್ಮ ಗುಡಸಲಾಗ ಇಟ್ರ ಉಳಿಯಂಗಿಲ್ರಿ. ನಿಮ್ಮ ಅಟ್ಟದ ಮ್ಯಾಲ ಇರಲಿ. ಬಾಣಂತಿಗೆ ಬೇಕಾಗ್ತದ," ಅಂದಳು.

"ಇಡು, ನನ್ನ ಮನಿ ಏನು, ನಿನ್ನ ಮನಿ ಏನು," ಎಂದೆ. ಹಾಗೆಯೇ ಹೇಳಿದ್ದೆ.

ಆ ಬೇಸಿಗೆಯಲ್ಲಿ ನಾನು ತವರಿನ ಮದುವೆಗೆ ಹೋದವಳು ತಡವಾಗಿ ಬಂದೆ. ನನ್ನ ಮನೆಯೇ ಬರಿದಾಗಿತ್ತು. ಅಷ್ಟರಲ್ಲಿ ಗಾಳಿ-ಮಳೆ ಹೊಡೆಯಿತು. ಮರ ಬಿದ್ದು ತಂತಿ ಹರಿದವು, ಕರೆಂಟು ಹೋಯಿತು. ಗ್ಯಾಸ್ ಸಿಲಿಂಡರ್ ಮುಗಿದಿತ್ತು, ರೇಷನ್ ಅಂಗಡಿ ಮುಚ್ಚಿತ್ತು. ಅಟ್ಟದಿಂದ ಗಂಗವ್ವನ ಡಬ್ಬಿ ಇಳಿಸಿದೆ. ಒಂದು ಲೋಟ ಮಾತ್ರ, ಆಮೇಲೆ ತುಂಬಿಸಿಟ್ಟರಾಯಿತು... ಮೊದಲು ಅಡುಗೆಗೆ. ಆಮೇಲೆ ಚಹಾಕ್ಕೆ. ಆಮೇಲೆ — ಇದನ್ನು ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ — ಸ್ನಾನಕ್ಕೆ. ತಣ್ಣೀರು ಮೈಮೇಲೆ ಹಾಕಿಕೊಳ್ಳುವುದು ನನಗೆ ಆಗದು ಎಂದು ದಿನವೂ ನೀರು ಕಾಸಿಕೊಂಡು ಮಿಂದೆ. ಡಬ್ಬಿ ಬರಿದಾಯಿತು.

ಮಳೆ ಇನ್ನೂ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಗಂಗವ್ವ ಬಾಗಿಲಿಗೆ ಬಂದಳು. ಗೋಣಿಚೀಲ ಹೊದ್ದಿದ್ದಳು, ಮುಖದಲ್ಲಿ ನಗು. "ಅಕ್ಕಾರ, ಮಲ್ಲಿ ಹಡದಾಳ್ರಿ. ಕೂಸು ಚಲೋ ಅದ. ನೀರು ಕಾಸಬೇಕು, ಕಟಗಿ ಎಲ್ಲಾ ತೊಯ್ದಾವು. ಡಬ್ಬಿ ಕೊಡ್ರಿ."

ತೂತು ಮಾಡಿ ಸಿದ್ಧವಾಗಿಟ್ಟಿದ್ದೆ. ತಂದು ತೋರಿಸಿದೆ. "ಡಬ್ಬಿ ತೂತಿತ್ತು ನೋಡು ಗಂಗವ್ವ, ಎಲ್ಲಾ ಸೋರಿ ಹೋಗ್ಯದ."

ಅವಳು ಡಬ್ಬಿ ತಿರುಗಿಸಿ ನೋಡಲೂ ಇಲ್ಲ. "ಅಯ್ಯ, ನಿಮ್ಮ ಅಟ್ಟ ಹೊಲಸಾತೇನ್ರಿ? ಹಳೀ ಡಬ್ಬಿ, ನಾ ನೋಡಿ ತರಬೇಕಿತ್ತು. ಮಳಿ ನಿಂತ ಮ್ಯಾಲ ಬಂದು ಒರಸಿ ಕೊಡ್ತೀನ್ರಿ," ಅಂದಳು.

ತನ್ನದೇ ತಪ್ಪು ಅನ್ನುವಂತೆ ನನಗೆ ಕೈ ಮುಗಿದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಅಕ್ಕಪಕ್ಕದ ಮನೆಗಳಲ್ಲಿ ಬೇಡಿಯಾದರೂ ತಂದುಕೊಡಬಹುದಿತ್ತು. ಬಾಗಿಲು ಹಾಕಿಕೊಂಡೆ.

ನನ್ನ ಬಾಗಿಲಿಂದ ಹೋದ ಗಂಗವ್ವ, ನೀರು ಕಾಸಲು ಒಣ ಹಲಗೆ ಚೂರುಗಳು ಸಿಕ್ಕಾವೆಂದು, ಕಟ್ಟುತ್ತಿದ್ದ ಕಟ್ಟಡದ ಮೇಲಕ್ಕೆ ಹತ್ತಿದ್ದಳಂತೆ. ಹಿಡಿದುಕೊಳ್ಳಲು ಕಠಡಾ ಇಲ್ಲದ ಮೆಟ್ಟಿಲು, ಪಾಚಿ. ಬಿದ್ದಳು. ಟೊಂಕದ ಎಲುಬು ಮುರಿಯಿತು.

ಆಸ್ಪತ್ರೆಯಿಂದ ಬಂದವಳಿಗೆ ನಾನು ಪ್ರತಿದಿನ ರೊಟ್ಟಿ, ಬೇಳೆ ಒಯ್ದು ಕೊಟ್ಟೆ. ಓಣಿಯವರು ನನ್ನನ್ನು ಹೊಗಳಿದರು. ತನ್ನ ಕಡೆಯವರ ಮೇಲೆ ಎಷ್ಟು ಮಾಯೆ ಇವಳಿಗೆ, ಅಂದರು. ಆ ಹೊಗಳಿಕೆಯನ್ನು ಬೇಡ ಅನ್ನಲಿಲ್ಲ — ಇಷ್ಟವೂ ಆಗಿತ್ತೇನೋ. ಗಂಗವ್ವ ಮತ್ತೆ ತಲೆಯ ಮೇಲೆ ಭಾರ ಹೊರಲಿಲ್ಲ. ಮಗ ದೌಂಡದ ಕಡೆ ಕಬ್ಬು ಕಡಿಯುವ ಕೆಲಸ ಹುಡುಕಿಕೊಂಡ. ಹೊರಡುವ ದಿನ ಗಂಗವ್ವ ಕೋಲೂರಿಕೊಂಡು ಬಂದು, ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. "ನೀವು ಇರದಿದ್ರ ನಾವು ಉಪವಾಸ ಸಾಯ್ತಿದ್ವಿ," ಅಂದಳು.

ಆಮೇಲೆ ವರ್ಷಗಳು ಹೋದವು. ದೌಂಡ ಏನು ದೂರ — ರೈಲು ಹತ್ತಿದರೆ ಬರುತ್ತದೆ. ಹೋಗಲಿಲ್ಲ. ಸೊಲ್ಲಾಪುರದ ಗಾಡಿಯಲ್ಲಿ ಆ ನಿಲ್ದಾಣ ದಾಟುವಾಗೆಲ್ಲ ಕಿಟಕಿಯ ಆಚೆ ನೋಡದೆ ಕೂತಿರುತ್ತಿದ್ದೆ. ಗಂಗವ್ವ ತೀರಿಕೊಂಡಳೆಂದು ಊರ ಕಡೆಯವರು ಯಾರೋ ಹೇಳಿದ ಮೇಲೆ ಹೋದೆ. ಅದೂ ನನ್ನ ಹೇಡಿತನವೇ ಇರಬೇಕು.

ಮಲ್ಲಮ್ಮ ನನ್ನನ್ನು ಕಂಡದ್ದೇ ಚಾಪೆ ಹಾಸಿದಳು, ಚಹಾಕ್ಕೆ ಇಟ್ಟಳು, ಶಾಲೆಗೆ ಹೊರಟಿದ್ದ ಮಗಳನ್ನು ಕರೆದು ನನ್ನ ಕಾಲು ಮುಟ್ಟಿಸಿದಳು. ಆ ಮಳೆಯಲ್ಲಿ ಹುಟ್ಟಿದವಳು. ಹುಡುಗಿ ಹೋದ ಮೇಲೆ ಎಲ್ಲವನ್ನೂ ಹೇಳಿದೆ. ಸ್ನಾನದ್ದನ್ನೂ ಬಿಡಲಿಲ್ಲ.

ಮಲ್ಲಮ್ಮ ಒಲೆ ಆರಿಸಿ ಚಹಾ ಇಳಿಸಿಟ್ಟಳು. ಅಳಲಿಲ್ಲ, ಬೈಯಲಿಲ್ಲ.

"ಅತ್ತಿ ಸಾಯೂತನಾ ತನ್ನನ್ನ ತಾನ ಬೈಕೊಂಡ್ಳು," ಅಂದಳು. "ಹಳೀ ಡಬ್ಬಿ ಒಯ್ದು ಕೊಟ್ಟು, ಕೂಸಿಗೆ ಬಿಸಿನೀರು ಇಲ್ದಂಗ ಮಾಡಿದ್ನಿ ಅಂತ. ಆಕಿಗೆ ಹೇಳಬೇಕಿತ್ತ್ರೀ ಅಕ್ಕಾರ. ನನಗ ಹೇಳಿ ಏನು ಮಾಡ್ತೀರಿ?"

ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಕೇಳಬೇಕಾದವಳನ್ನು ಕೇಳಿರಲಿಲ್ಲ, ಇನ್ನು ಇವಳನ್ನು ಕೇಳುವ ಹಕ್ಕು ಎಲ್ಲಿಯದು? ಎದ್ದೆ. ಮಲ್ಲಮ್ಮ ಬಾಗಿಲ ತನಕ ಬರಲಿಲ್ಲ.