ಗೆರೆ ಮೊದಲು, ಅಕ್ಷರ ಆಮೇಲೆ

ಮದುವೆಯಾದ ಮೂರನೆಯ ವಾರ ನನ್ನ ಗಂಡ ಕಾಪು ಪೇಟೆಯಿಂದ ಒಂದು ಸ್ಲೇಟು ತಂದು ನನ್ನ ಮುಂದೆ ಇಟ್ಟರು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಇರಲಿಲ್ಲ. ಯಾರಿಗೆ ಇದು ಎಂದು ಕೇಳಿದೆ.

"ನಿನಗೇ. ಇಂಗ್ಲಿಷಿನಲ್ಲಿ ಸಹಿ ಹಾಕಲು ಕಲಿ. ಕನ್ನಡದ ಸಹಿಯನ್ನು ಪೇಟೆಯಲ್ಲಿ ಯಾರು ಕೇಳುತ್ತಾರೆ?" ಎಂದರು.

ನಾನು ಐದನೆಯ ತರಗತಿಯವರೆಗೆ ಓದಿದವಳು. ಕನ್ನಡ ಸರಾಗವಾಗಿ ಬರುತ್ತಿತ್ತು, ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ. ಆದರೂ ಗಂಡ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುತ್ತಾರಲ್ಲ ಎಂದು ಒಳಗೊಳಗೇ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ.

ಅದು ಐವತ್ತರ ದಶಕದ ಮೊದಲ ವರ್ಷಗಳು. ನಮ್ಮದು ಅಳಿಯಸಂತಾನದ ಕುಟುಂಬ, ಆಸ್ತಿ ಬರುವುದು ತಾಯಿಯ ಕಡೆಯಿಂದ. ಪಾಲಾದಾಗ ಶಂಕರಪುರದಲ್ಲಿ ಮುಕ್ಕಾಲು ಎಕ್ರೆ ಜಾಗ, ಒಂದು ಹಂಚಿನ ಮನೆ, ಬಾವಿ, ಎಪ್ಪತ್ತು ಮಲ್ಲಿಗೆ ಗಿಡ ನನ್ನ ಹೆಸರಿಗೆ ಬಂದಿದ್ದವು. ಗಂಡ ಬಂದು ಅಲ್ಲೇ ನಿಂತರು. ಅವರ ಹೆಸರಿನಲ್ಲಿ ಇದ್ದದ್ದು ಒಂದು ಸೈಕಲ್ಲು. ಹಂಗಿಸಲು ಹೇಳುತ್ತಿಲ್ಲ. ಆ ಸಹಿಯ ಅವಸರ ನಿಜವಾಗಿ ಯಾರಿಗಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ, ಅಷ್ಟೆ.

ಅವರು ಸ್ಲೇಟಿನ ಮೇಲೆ ನನ್ನ ಹೆಸರನ್ನು ಒಂದೇ ಉಸಿರಿಗೆ ಬರೆದು ಕೆಳಗೆ ಸರ್ರನೆ ಒಂದು ಗೆರೆ ಎಳೆದರು. ಅಕ್ಷರ ಗೊತ್ತಿಲ್ಲದ ನನಗೆ ಅದು ಒಂದು ಚಿತ್ರವಾಗಿ ಕಂಡಿತು. ಎಲ್ಲಿಂದ ಶುರು ಮಾಡುವುದು? ಬುದ್ಧಿ ಬಂದಂದಿನಿಂದ ಮಲ್ಲಿಗೆ ಕಟ್ಟಿದ ಕೈ ನನ್ನದು. ಬಾಳೆನಾರನ್ನು ಮೊದಲು ನೆಟ್ಟಗೆ ಹಿಡಿಯಬೇಕು, ಆಮೇಲೆ ಮೊಗ್ಗು ಕೂರಿಸಬೇಕು. ನಾನು ಹಾಗೆಯೇ ಗೆರೆಯನ್ನು ಮೊದಲು ಎಳೆದೆ, ಅದರ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಕೂರಿಸಿದೆ. ನಡುವಿನ ಒಂದು ಅಕ್ಷರಕ್ಕೆ ಕೆಳಗೆ ಇಳಿಯುವ ಬಾಲವಿತ್ತು. ಹೂವು ನಾರಿನಿಂದ ಜೋತುಬಿದ್ದರೆ ಪೇಟೆಯ ಹೂವಿನ ಕಟ್ಟೆಯಲ್ಲಿ ಕೊಳ್ಳುವವನು ಮುಖ ಸಿಂಡರಿಸುತ್ತಾನೆ. ಆ ಬಾಲವನ್ನು ಮೇಲಕ್ಕೆ ಮಡಚಿ ಗೆರೆಯ ಮೇಲೆಯೇ ಕೂರಿಸಿಬಿಟ್ಟೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೆರೆ ಮೊದಲು ಎಳೆಯುವವರು ಲೋಕದಲ್ಲಿ ಎಲ್ಲಾದರೂ ಉಂಟಾ ಮಾರಾಯ್ತಿ? ಸಹಿ ಹಾಕುವುದಾ, ಹೂವು ಕಟ್ಟುವುದಾ ನೀನು?"

ಒಂದು ವಾರ ತಿದ್ದಿದರು. ನನ್ನ ಕೈ ಕೇಳಲಿಲ್ಲ. ಕೊನೆಗೆ, "ಆಗಲಿ, ದೂರದಿಂದ ನೋಡಿದರೆ ಒಂದೇ ತರ ಉಂಟು" ಎಂದು ಬಿಟ್ಟರು. ಒಂದು ವ್ಯತ್ಯಾಸವನ್ನು ನಾನೂ ಗಮನಿಸಿದ್ದೆ. ನನ್ನ ಗೆರೆ ನೆಟ್ಟಗೆ ಇರುತ್ತಿತ್ತು, ಅವರದು ಬಲಕ್ಕೆ ಹೋಗುತ್ತಾ ಇಳಿಯುತ್ತಿತ್ತು. ಗುರುವಿಗೆ ತಿರುಮಂತ್ರ ಹಾಕುವುದು ಬೇಡವೆಂದು ಬಾಯಿ ಮುಚ್ಚಿಕೊಂಡೆ.

ಎರಡು ವರ್ಷ ಕಳೆದ ಮೇಲೆ ಅವರಿಗೆ ಲಾರಿಯ ಹುಚ್ಚು ಹಿಡಿಯಿತು. ಮಣಿಪಾಲದ ಗುಡ್ಡೆಯಲ್ಲಿ ಆಗ ಒಂದರ ಹಿಂದೆ ಒಂದು ಕಟ್ಟಡ ಏಳುತ್ತಿತ್ತು. ಕೆಂಪುಕಲ್ಲು ಸಾಗಿಸಲು ಲಾರಿ ಇದ್ದವನೇ ರಾಜ ಎಂದು ಊಟಕ್ಕೆ ಕೂತಾಗಲೂ ಅದೇ ಮಾತು. ಒಂದು ಬೆಳಿಗ್ಗೆ ನಾನು ಜಗಲಿಯಲ್ಲಿ ಹೂವು ಕಟ್ಟುತ್ತಿದ್ದಾಗ ಒಂದು ಕಾಗದ ಹಿಡಿದುಕೊಂಡು ಬಂದರು. ರೆವಿನ್ಯೂ ಸ್ಟಾಂಪು ಅಂಟಿಸಿತ್ತು, ಮೇಲೆ ಏನೂ ಬರೆದಿರಲಿಲ್ಲ. "ಲಾರಿಯ ಕಾಗದಪತ್ರಕ್ಕೆ" ಎಂದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಗೆರೆ ಎಳೆದು, ಸಹಿ ಹಾಕಿ ಕೊಟ್ಟೆ. ಓದುವುದಕ್ಕೆ ಏನಿತ್ತು? ಬಿಳಿ ಕಾಗದ.

ಲಾರಿ ಬಂತು, ಗಂಡ ಮಣಿಪಾಲದಲ್ಲೇ ಉಳಿದರು. ಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಚೌತಿಗೆ, ದೀಪಾವಳಿಗೆ. ಅಲ್ಲಿ ಬೇರೊಂದು ಸಂಸಾರ ಇದೆ ಎಂದು ಊರೆಲ್ಲ ತಿಳಿದ ಮೇಲೆ ನನಗೆ ತಿಳಿಯಿತು. ನಾನು ಅತ್ತು ಕರೆದು ಮಾಡಲಿಲ್ಲ. ಸಿಟ್ಟು ಬಂದಿತ್ತು, ಅದೂ ಎರಡು ವರ್ಷ ಇತ್ತು. ನಮ್ಮ ಅಳಿಯಕಟ್ಟಿನಲ್ಲಿ ಹೆಣ್ಣು ಮದುವೆಯಿಂದ ಬಿಡುಗಡೆ ಕೇಳುವುದು ಅಪರೂಪವೇನಲ್ಲ. ಉಡುಪಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಇಬ್ಬರೂ ಪತ್ರಕ್ಕೆ ಸಹಿ ಹಾಕಿದೆವು. ನಾನು ಗೆರೆ ಎಳೆಯುವಾಗ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆರು ವರ್ಷದ ಸಂಸಾರ ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದು ನಾನು ತಿಳಿದುಕೊಂಡೆ. ಮರುವರ್ಷ ಕಾರ್ಕಳದ ಒಬ್ಬ ಅಕ್ಕಿ ವ್ಯಾಪಾರಿಯ ಕಡೆಯಿಂದ ವಕೀಲರ ನೋಟೀಸು ಬಂತು. ನಾನು ಮೂರು ಪ್ರೋನೋಟು ಬರೆದುಕೊಟ್ಟು ಸಾಲ ಎತ್ತಿದ್ದೇನಂತೆ. ಒಂದು ಆರುನೂರು, ಒಂದು ಸಾವಿರದ ಐನೂರು, ಒಂದು ಎರಡು ಸಾವಿರ, ಬಡ್ಡಿ ಬೇರೆ. ತಿಂಗಳೊಳಗೆ ಕಟ್ಟದಿದ್ದರೆ ದಾವೆ ಹೂಡಿ ಜಾಗ, ಮನೆ ಜಪ್ತಿ. ಕಾರ್ಕಳವನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ.

ನೋಟೀಸು ಹಿಡಿದು ಸೋದರಮಾವನ ಹತ್ತಿರ ಓಡಿದೆ. ಅವರು ಕುಟುಂಬದ ಯಜಮಾನರು, ಕೋರ್ಟು ಕಚೇರಿ ತಿಳಿದವರು. ಉಡುಪಿಯ ವಕೀಲರೊಬ್ಬರನ್ನು ಕಂಡು ಬಂದು ನನ್ನನ್ನು ಕೂರಿಸಿ ಹೇಳಿದರು. "ಹೆದರುವುದು ಎಂತಕ್ಕೆ? ನನಗೆ ಇಂಗ್ಲಿಷ್ ಬರುವುದಿಲ್ಲ, ನನ್ನ ಸಹಿ ಕನ್ನಡದಲ್ಲಿ ಅಂತ ಹೇಳು. ಮೂರೂ ನನ್ನದಲ್ಲ ಅಂತ ಹೇಳು. ನೀನು ಐದನೇ ಕ್ಲಾಸು, ಜಡ್ಜರು ನಂಬುತ್ತಾರೆ."

"ಮಾವ, ಒಂದು ನನ್ನದೇ ಇರಬೇಕು. ಖಾಲಿ ಕಾಗದಕ್ಕೆ ಒಮ್ಮೆ ಸಹಿ ಹಾಕಿ ಕೊಟ್ಟದ್ದು ಉಂಟು" ಎಂದೆ.

"ಅದನ್ನು ನೀನು ಹೇಳಿದರೆ ತಾನೇ ಗೊತ್ತಾಗುವುದು? ಒಂದನ್ನು ಒಪ್ಪಿದರೆ ಮೂರೂ ನಿನ್ನ ತಲೆಗೇ. ಬಾಯಿ ಮುಚ್ಚಿಕೊಂಡಿರು."

ಮಾವ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಎರಡು ದಿನ ಹೂವು ಕಟ್ಟುತ್ತಾ ಅದನ್ನೇ ಯೋಚಿಸಿದೆ. ಆ ಮುಕ್ಕಾಲು ಎಕ್ರೆ ಬಿಟ್ಟರೆ ನನಗೆ ನಿಲ್ಲಲು ಬೇರೆ ನೆಲ ಇರಲಿಲ್ಲ. ಸುಳ್ಳು ಹೇಳಿದರೆ ನೆಲ ಉಳಿಯುತ್ತದೆ. ಆದರೆ ನಾನು ಹಾಕದ ಸಹಿಯನ್ನು ನನ್ನದು ಎಂದವರು ನನ್ನ ಹಿಂದಿನ ಗಂಡ, ಹಾಕಿದ ಸಹಿಯನ್ನು ನನ್ನದಲ್ಲ ಎನ್ನುವವಳು ನಾನು. ನಮ್ಮಿಬ್ಬರಿಗೂ ಎಂತ ವ್ಯತ್ಯಾಸ? ಹಾಗಾದರೆ ಬಿಡುಗಡೆ ಪತ್ರಕ್ಕೆ ಖರ್ಚು ಮಾಡಿದ ಹಣವೇ ದಂಡ. ಮೂರನೆಯ ದಿನ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಕಾರ್ಕಳ ಮುಟ್ಟುವಾಗ ಹನ್ನೊಂದು ಗಂಟೆ.

ವ್ಯಾಪಾರಿ ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಕೊಂಕಣಿ ಮನೆಮಾತಿನವರು, ನನ್ನೊಡನೆ ಕನ್ನಡದಲ್ಲೇ ಮಾತಾಡಿದರು. ನಾನು ಯಾರೆಂದು ತಿಳಿದ ಕೂಡಲೇ ಅವರ ಮುಖ ಬಿಗಿದುಕೊಂಡಿತು.

"ಹಣ ತಂದಿದ್ದೀರಾ ಅಮ್ಮ?"

"ಇಲ್ಲ ಧಣಿಗಳೇ. ಪ್ರೋನೋಟು ನೋಡಬೇಕಿತ್ತು."

ಅವರು ಮೂರನ್ನೂ ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಹರಡಿದರು, ನನ್ನ ಕೈಗೆ ಕೊಡಲಿಲ್ಲ. ಹೆಂಗಸು ಹರಿದು ಬಾಯಿಗೆ ಹಾಕಿಕೊಂಡರೆ ಎಂದು ಹೆದರಿಕೆ ಇರಬೇಕು, ಅಂಗೈಯನ್ನು ಕಾಗದದ ಮೇಲೆಯೇ ಊರಿದ್ದರು. ನಾನು ಬಗ್ಗಿ ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು.

"ಆರುನೂರರದು ನನ್ನದು. ಬರೆದ ಒಕ್ಕಣೆ ನನ್ನದಲ್ಲ, ಸಹಿ ನನ್ನದು. ಉಳಿದ ಎರಡು ನನ್ನದಲ್ಲ" ಎಂದೆ.

"ಮೂರೂ ಒಂದೇ ತರ ಉಂಟಲ್ಲ ಅಮ್ಮ. ನನಗೆ ಕಣ್ಣಿಲ್ಲವಾ?"

"ಒಂದು ಕಾಗದ ಕೊಡಿ."

ಗುಮಾಸ್ತ ಕಾಗದ, ಪೆನ್ನು ಕೊಟ್ಟ. ಅಕ್ಕಿ ಕೊಳ್ಳಲು ಬಂದವರೂ ಬಗ್ಗಿ ನೋಡತೊಡಗಿದರು. ನಾನು ಮೊದಲು ಗೆರೆ ಎಳೆದೆ. ನೆಟ್ಟಗೇ ಬಂತು. ಅದರ ಮೇಲೆ ಅಕ್ಷರ ಕೂರಿಸಿದೆ, ಬಾಲವನ್ನು ಮಡಚಿ ಗೆರೆಯ ಮೇಲಿಟ್ಟೆ. ಕೆಳಗೆ ಇನ್ನೊಮ್ಮೆ, ಅದರ ಕೆಳಗೆ ಮತ್ತೊಮ್ಮೆ. ವ್ಯಾಪಾರಿ ಮೊದಲು ನಕ್ಕರು. ಗೆರೆ ಮೊದಲು ಎಳೆಯುವವರನ್ನು ಅವರೂ ಕಂಡಿರಲಿಲ್ಲ. ಆಮೇಲೆ ನಗು ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

ಆರುನೂರರ ಕಾಗದದಲ್ಲಿ ಅಕ್ಷರಗಳು ಗೆರೆಯ ಮೇಲೆ ಸಾಲಾಗಿ ಕೂತಿದ್ದವು, ಬಾಲ ಮೇಲಕ್ಕೆ ಮಡಚಿತ್ತು. ಉಳಿದ ಎರಡರಲ್ಲಿ ಬಾಲ ಕೆಳಗೆ ಜೋತಾಡುತ್ತಿತ್ತು, ಗೆರೆ ಅದನ್ನು ಕತ್ತರಿಸಿಕೊಂಡು ಬಲಕ್ಕೆ ಇಳಿದುಹೋಗಿತ್ತು. ಮಕ್ಕಳಿಗೂ ಕಾಣುವ ಹಾಗೆ ಇತ್ತು. ವ್ಯಾಪಾರಿ ಮೂರನ್ನೂ ನನ್ನ ಕಾಗದದ ಪಕ್ಕ ಹಿಡಿದು ನೋಡಿದರು. ಕೊನೆಗೆ ಆ ಎರಡನ್ನು ಪಕ್ಕಕ್ಕೆ ಸರಿಸಿದರು.

"ಮೂರೂ ನನ್ನದಲ್ಲ ಅಂತ ನೀವು ಹೇಳಿದ್ದರೆ ನಾಳೆಯೇ ದಾವೆ ಹಾಕುತ್ತಿದ್ದೆ. ಈ ಎರಡಕ್ಕೆ ಇದನ್ನು ತಂದುಕೊಟ್ಟ ಆ ಜನವನ್ನೇ ಹಿಡಿಯುತ್ತೇನೆ. ಆರುನೂರಕ್ಕೆ ಎಂತ ಮಾಡುತ್ತೀರಿ?"

"ತಿಂಗಳಿಗೆ ಹದಿನೈದು ರೂಪಾಯಿ. ಹೂವಿನ ಹಣ. ಮಳೆಗಾಲದಲ್ಲಿ ಕಮ್ಮಿಯಾದೀತು" ಎಂದೆ.

ಒಪ್ಪಿದರು. ಮಾವ ವಿಷಯ ಕೇಳಿ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟರು. "ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು" ಎಂದು ಅಮ್ಮನ ಹತ್ತಿರ ಹೇಳಿದರಂತೆ. ಅಮ್ಮ ಮರುದಿನದಿಂದ ನನ್ನ ಮನೆಗೆ ಬಂದು ಹೂವು ಕಟ್ಟಲು ಕೂತಳು.

ಬೆಳಗಾಗುವ ಮೊದಲೇ ಮೊಗ್ಗು ಕೊಯ್ಯಬೇಕು, ಹತ್ತು ಗಂಟೆಯೊಳಗೆ ಕಟ್ಟಿ ಕಟ್ಟೆಗೆ ಮುಟ್ಟಿಸಬೇಕು. ಅಮ್ಮನೂ ನಾನೂ ಎದುರುಬದುರು ಕೂತು ಕಟ್ಟುತ್ತಿದ್ದೆವು. ಮದುವೆಯ ದಿನಗಳಲ್ಲಿ ಹೂವಿಗೆ ದರ ಏರಿದರೆ ಇಪ್ಪತ್ತು ರೂಪಾಯಿ ಕಂತು ಕೊಡುತ್ತಿದ್ದೆ, ಆಟಿ ತಿಂಗಳ ಮಳೆಯಲ್ಲಿ ಐದೂ ಆಗುತ್ತಿರಲಿಲ್ಲ. ನನ್ನದಲ್ಲದ ಲಾರಿಗೆ ಮಲ್ಲಿಗೆ ಹಾಕುತ್ತಿದ್ದೇನಲ್ಲ ಎಂದು ಒಮ್ಮೊಮ್ಮೆ ಮೈ ಉರಿಯುತ್ತಿತ್ತು. ಉಳಿದ ಎರಡು ನೋಟಿನ ಸಾಲಕ್ಕೆ ಆ ಲಾರಿಯನ್ನು ವ್ಯಾಪಾರಿ ಅಷ್ಟರಲ್ಲಿ ಮಣಿಪಾಲದಿಂದ ಎಳೆಸಿಕೊಂಡಿದ್ದರು.

ಮೊದಲ ಕಂತು ಕೊಟ್ಟ ದಿನ ವ್ಯಾಪಾರಿ ಲೆಕ್ಕದ ಪುಸ್ತಕ ಮುಂದಿಟ್ಟು ಸಹಿ ಹಾಕಿ ಎಂದರು. ಗೆರೆ ಎಳೆಯಲು ಪೆನ್ನು ಊರಿದವಳು ಹಾಗೇ ನಿಲ್ಲಿಸಿದೆ. ಆ ಸಹಿ ಸಾಕಾಗಿತ್ತು. ಕನ್ನಡದಲ್ಲಿ ನನ್ನ ಹೆಸರು ಬರೆದೆ, ಕೆಳಗೆ ಗೆರೆ ಇಲ್ಲ. ಅಂದಿನಿಂದ ಎಲ್ಲ ಕಡೆ ಅದೇ ಸಹಿ. ಪೇಟೆಯಲ್ಲಿ ಯಾರೂ ಬೇಡ ಎನ್ನಲಿಲ್ಲ.

ಗೆರೆ ಮೊದಲು ಎಳೆದ ಹೆಂಗಸಿನ ಕಥೆ ಮಾತ್ರ ಕಾರ್ಕಳ ಪೇಟೆಯಿಂದ ಬಸ್ಸಿನಲ್ಲಿ ಎಲ್ಲ ಕಡೆ ಹೋಯಿತು. ಉಡುಪಿಯಲ್ಲಿ ಒಬ್ಬರು ಅದನ್ನು ನನಗೇ ಹೇಳಿದರು. ಯಾರೋ ಪಾಪದ ಹೆಂಗಸಂತೆ ಎಂದರು, ನಾನೂ ಹೌದು ಹೌದು ಎಂದೆ.

ಐದನೆಯ ವರ್ಷ ಕೊನೆಯ ಕಂತು. ಅರುವತ್ತರ ದಶಕ ಶುರುವಾಗಿತ್ತು, ಅಮ್ಮನಿಗೆ ಕಣ್ಣು ಮಂಜಾಗಿತ್ತು. ವ್ಯಾಪಾರಿ ಹಣ ತೆಗೆದುಕೊಂಡು, ಆರುನೂರರ ಪ್ರೋನೋಟನ್ನು ಈ ಸಲ ನನ್ನ ಕೈಗೇ ಕೊಟ್ಟರು. ಆಮೇಲೆ, "ಇನ್ನೊಂದು ಉಂಟು ಅಮ್ಮ, ಕೂತುಕೊಳ್ಳಿ" ಎಂದರು. ಇನ್ನೂ ಸಾಲ ಉಂಟೇನೋ ಎಂದುಕೊಂಡು ಕೂತೆ.

ಅವರ ಭಾವ ಆದಿ ಉಡುಪಿಯಲ್ಲಿ ತೆಂಗಿನಕಾಯಿ ವ್ಯಾಪಾರಿಯಂತೆ. ಹಿಂದಿನ ವಾರ ನನ್ನ ಹಿಂದಿನ ಗಂಡ ಆ ಅಂಗಡಿಗೆ ಹೋಗಿದ್ದರಂತೆ. ಶಂಕರಪುರದ ಜಾಗದಲ್ಲಿ ಹೊಸ ಬಾವಿ ತೋಡಲು ನನಗೆ ಸಾವಿರ ರೂಪಾಯಿ ಬೇಕು ಎಂದು ಪ್ರೋನೋಟು ಕೊಟ್ಟಿದ್ದರಂತೆ. ಭಾವನಿಗೂ ಕಥೆ ಗೊತ್ತಿತ್ತು. ನಾಳೆ ಬನ್ನಿ ಎಂದು ಹೇಳಿ ಕಾಗದವನ್ನು ಇಲ್ಲಿಗೆ ಕಳಿಸಿದ್ದರು. "ಗೆರೆ ಮೊದಲು ಎಳೆದದ್ದೇ, ಬಾಲವೂ ಮಡಚಿದೆ, ಕೊಡಬಹುದಾ ಅಂತ ಕೇಳಿದ. ನಾನು ಹೇಳಿದೆ, ಆ ಅಮ್ಮ ಐದು ವರ್ಷದಿಂದ ಕನ್ನಡದಲ್ಲಿ ಸಹಿ ಹಾಕುತ್ತಾರೆ, ಒಂದು ಪೈಸೆ ಕೊಡಬೇಡ ಅಂತ. ಪೋಲೀಸಿಗೆ ಕೊಡಬೇಕಾ, ಹರಿಯಬೇಕಾ, ನೀವೇ ಹೇಳಿ."

ಕಾಗದ ಕೈಗೆ ತೆಗೆದುಕೊಂಡು ನೋಡಿದೆ. ಗೆರೆ ಮೊದಲು. ಅದರ ಮೇಲೆ ಒಂದೊಂದೇ ಅಕ್ಷರ, ನಾನು ಕೂರಿಸುತ್ತಿದ್ದ ಹಾಗೆಯೇ. ಬಾಲ ಮೇಲಕ್ಕೆ. ಇದಕ್ಕೆ ಅವರು ಎಷ್ಟು ದಿನ ಕೂತು ಅಭ್ಯಾಸ ಮಾಡಿರಬೇಕು! ಆ ಸ್ಲೇಟಿನ ವಾರ ಬಿಟ್ಟರೆ ನನ್ನ ಹೆಸರಿನ ಮುಂದೆ ಅವರು ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ನಗು ಬಂತು. ನಗುತ್ತಿದ್ದವಳಿಗೆ ಕಣ್ಣಿನಿಂದ ನೀರು ಇಳಿಯಿತು, ಬಿಡುಗಡೆಯ ದಿನವೂ ಬಾರದ್ದು. ವ್ಯಾಪಾರಿ ಗಾಬರಿಯಾಗಿ ಗುಮಾಸ್ತನಿಗೆ ಮಜ್ಜಿಗೆ ತರಲು ಹೇಳಿದರು.

"ಹರಿಯಿರಿ ಧಣಿಗಳೇ" ಎಂದೆ. "ಗೆರೆ ಈಗಲೂ ಬಲಕ್ಕೆ ಇಳಿದಿದೆ."