ಶನಿವಾರ ತೆರೆಯದ ಮುಚ್ಚಳ

ಬೆಳಿಗ್ಗೆ ಎದ್ದ ಮೇಲೆ ಒಂದು ಗಂಟೆ ಕಾಲ ನನ್ನ ಬೆರಳುಗಳನ್ನು ಮಡಚಲಾಗುವುದಿಲ್ಲ. ದೇಹವನ್ನು ಕಾಯಬೇಕಾದ ರೋಗನಿರೋಧಕ ಜೀವಕೋಶಗಳೇ ಕೀಲುಗಳ ಮೇಲೆ ತಿರುಗಿಬಿದ್ದಿವೆ ಎಂದು ಮಂಡ್ಯದ ಡಾಕ್ಟರು ವಿವರಿಸಿದರು. ಅವುಗಳನ್ನು ಹತ್ತಿಕ್ಕಲು ವಾರಕ್ಕೊಂದು ಮಾತ್ರೆ, ಜೊತೆಗೆ ದಿನವೂ ಮೀನೆಣ್ಣೆಯ ಕ್ಯಾಪ್ಸೂಲ್. ಅದರ ಕೊಬ್ಬು ಆ ಜೀವಕೋಶಗಳ ಪೊರೆ ಸೇರಿ ಉರಿಯೂತವನ್ನು ಸ್ವಲ್ಪ ತಗ್ಗಿಸಬಹುದು. ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ಮಾತ್ರೆಗೆ ಅದು ಬದಲಿಯಲ್ಲ. ಪತ್ರಿಕಾಗೋಷ್ಠಿಯಲ್ಲಿ ಕೂತವನಂತೆ ಎಲ್ಲವನ್ನೂ ಬರೆದುಕೊಂಡೆ.

ಡಬ್ಬಿಯ ಮುಚ್ಚಳವನ್ನು ಒತ್ತಿ ತಿರುಗಿಸಬೇಕಿತ್ತು. ನನ್ನ ಕೈಲಾಗಲಿಲ್ಲ. ಬಾಡಿಗೆ ಮನೆಯಲ್ಲಿ ಒಬ್ಬನೇ ಇರುವವನು. ಪಕ್ಕದ ಮನೆಯ ಬಾಗಿಲು ತಟ್ಟಿದೆ. ಕಿರುಗಾವಲಿನ ಕಡೆಯ ಹೆಂಗಸು ಒಂದೇ ಏಟಿಗೆ ತೆರೆದು, "ಏನಣ್ಣ ಇದು, ಜೇನುತುಪ್ಪ ಇದ್ದಂಗದೆ?" ಎಂದಳು.

"ಮೀನೆಣ್ಣೆ ಕಣಮ್ಮ."

"ಅಯ್ಯೋ! ಸನಿವಾರ, ತಲೆಗೆ ನೀರಾಕ್ಕಂಡಿವ್ನಿ, ಮೀನು ಮುಟ್ಟುಸ್ಬುಟ್ರಲ್ಲಣ್ಣ!" ಕೈ ತೊಳೆದು ಬಂದು ನಕ್ಕಳು. "ಸ್ವಾಮಾರ ಸನಿವಾರ ಮಾತ್ರ ತರ್ಬೇಡಿ. ಮಿಕ್ಕಿದ್ ದಿನ ಮುಳ್ಳು ಸಮೇತ ತನ್ನಿ."

ಅಂದಿನಿಂದ ವಾರಕ್ಕೆ ಐದು ದಿನ ತಟ್ಟಿದೆ. ಮುಚ್ಚಳವನ್ನು ಸಡಿಲ ಬಿಟ್ಟಿದ್ದರೆ ಸಾಕಿತ್ತು. ಆದರೆ ಮಧ್ಯಾಹ್ನ ಬೆರಳು ಸಡಿಲಾದ ಮೇಲೆ ನಾನೇ ಅದನ್ನು ಬಿಗಿಯಾಗಿ ಮುಚ್ಚಿಡುತ್ತಿದ್ದೆ. ಆ ಎರಡು ಮಾತು ಬಿಟ್ಟರೆ ಮನೆಯ ಸುತ್ತ ನನ್ನನ್ನು ಮಾತಾಡಿಸುವವರಿರಲಿಲ್ಲ. ಶ್ರಾವಣ ಬಂತು. ಅವರ ಮನೆಯಲ್ಲಿ ತಿಂಗಳಿಡೀ ಮೀನು-ಮಾಂಸವಿಲ್ಲ. ಮಧ್ಯಾಹ್ನ ನಾನೇ ತೆರೆಯಬಹುದಿತ್ತು; ಆದರೂ ನನ್ನ ಡಬ್ಬಿಯೂ ತೆರೆಯಲಿಲ್ಲ.

ಶ್ರಾವಣ ಕಳೆದು ಡಾಕ್ಟರ ಬಳಿ ಹೋದಾಗ ಊತ ಇಳಿದಿರಲಿಲ್ಲ. "ಎಣ್ಣೆ ದಿನಾ ತಗೊಂಡ್ರಾ?" ಎಂದರು. "ದಿನಾ" ಎಂದೆ.

"ಹಾಗಾದ್ರೆ ಅದು ನಿಮಗೆ ಹಿಡಿಸ್ತಿಲ್ಲ. ನಿಲ್ಸಿ. ಮಾತ್ರೆ ಜಾಸ್ತಿ ಮಾಡ್ತೀನಿ. ಸೋಂಕು ತಡೆಯೋ ಶಕ್ತಿ ಇನ್ನಷ್ಟು ಕುಗ್ಗಬಹುದು, ಜ್ವರ ಬಂದ್ರೆ ತಕ್ಷಣ ಬನ್ನಿ."

ಅವರ ಪೆನ್ನು ಚೀಟಿಯ ಮೇಲೆ ಇಳಿಯುತ್ತಿತ್ತು. ನನ್ನ ಸುಳ್ಳು ದಾಖಲೆಯಾಗುವುದರಲ್ಲಿತ್ತು.

"ಇಲ್ಲ ಡಾಕ್ಟ್ರೇ. ಸೋಮವಾರ, ಶನಿವಾರ ಬಿಟ್ಟಿದ್ದೀನಿ. ಶ್ರಾವಣದಲ್ಲಿ ಒಂದೂ ನುಂಗಿಲ್ಲ."

"ವ್ರತವಾ?"

"ನಂದಲ್ಲ, ಪಕ್ಕದ ಮನೆಯವರದ್ದು. ಡಬ್ಬಿ ಮುಚ್ಚಳ ತೆಗೆದುಕೊಡೋದು ಅವರೇ."

ಅವರು ನಗಲಿಲ್ಲ. ಮಾತ್ರೆಯನ್ನು ಮೊದಲಿದ್ದಷ್ಟೇ ಬರೆದರು. "ಕ್ಯಾಪ್ಸೂಲನ್ನ ಸ್ಟೀಲ್ ಬಟ್ಟಲಿಗೆ ಸುರ್ಕೊಂಡು ತಟ್ಟೆ ಮುಚ್ಚಿ. ಮೂರು ತಿಂಗಳು ಬಿಡದೆ ತಗೊಳ್ಳಿ, ಆಮೇಲೆ ಹೇಳೋಣ."

ಹಾಗೆಯೇ ಮಾಡಿದೆ. ಮಾರನೆಯ ವಾರ ಮೆಟ್ಟಿಲ ಬಳಿ ಆಕೆ ಕೇಳಿದಳು: "ಏನಣ್ಣ, ಸ್ರಾವಣ ಮುಗುದ್ರೂ ಡಬ್ಬಿ ತರ್ನಿಲ್ವಲ್ಲ?"

"ಈಗ ಬೇಕಾಗಲ್ಲ ಕಣಮ್ಮ."

"ಒಳ್ಳೇದಾಯ್ತು ಬುಡಣ್ಣ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.